ಮಸ್ಟ್ಯಾಂಗ್ ಪಳಗಿಸಿ ರಾಕಿ ಬೆಟ್ಟ ಹತ್ತಿದ್ದು: ನನ್ನ ಅನುಭವ

ಹೊಡೀದೆ ಬಡೀದೆ ಕುದುರೆ ಪಳಗಿಸೋದು ಅಂದ್ರೆ ಕ್ಯಾರೆಟ್ ತಿನ್ನಿಸಿ ಮುದ್ದು ಮಾಡೋದು ಅಂತ ತುಂಬ ಜನ ಅಂದ್ಕೊಂಡಿದಾರೆ. ನನ್ನ ಹತ್ರ ಕುದುರೆ ಇದೆ ಅಂತ ಗೊತ್ತಾದವರು ಮೊದ್ಲು ಕೇಳೋದೇ "ಏನ್ ತಿನ್ನಕ್ ಕೊಡ್ತೀರಾ" ಅಂತ. ಕೊಡೋದು ಹುಲ್ಲು, ಉಪ್ಪು, ನೀರು, ಅಷ್ಟೇ. ಪಳಗಿಸೋ ಕೆಲಸ ನಡೆಯೋದು ಬೇರೆ ಕಡೆ, ಅದನ್ನೇ ಬರೀತಿದೀನಿ.

ನಾನು ಕುಣಿಗಲ್ ಕಡೆಯವಳು, ಈಗಿರೋದು ಕೊಲೊರಾಡೊದ ಫೋರ್ಟ್ ಕಾಲಿನ್ಸಲ್ಲಿ. ಕುಣಿಗಲ್ ಸ್ಟಡ್ ಫಾರ್ಮ್ ಟಿಪ್ಪು ಕಾಲದಿಂದ ಇದೆ ನಿಜ, ಆದ್ರೆ ಅಲ್ಲಿನ ಕುದುರೆಗಳನ್ನ ನಾವು ನೋಡಿದ್ದು ಬೇಲಿ ಈಚೆಯಿಂದ, ಮುಟ್ಟೋ ಮಾತೇ ಇಲ್ಲ. ಇಲ್ಲಿ ಹಂಗಲ್ಲ. ಅಮೆರಿಕದ ಪಶ್ಚಿಮ ರಾಜ್ಯಗಳ ಬಯಲಲ್ಲಿ ಯಾರೂ ಸಾಕದೇ ತಾವೇ ಬೆಳೆಯೋ ಮಸ್ಟ್ಯಾಂಗ್ ಕುದುರೆಗಳಿದಾವಲ್ಲ, ಅವುಗಳಿಗೆ 1971ರಿಂದ ಕಾನೂನು ರಕ್ಷಣೆ ಇದೆ, ಸಂಖ್ಯೆ ಜಾಸ್ತಿ ಆದಾಗ ಸರ್ಕಾರದವರೇ ಹಿಡಿದು ದತ್ತು ಕೊಡ್ತಾರೆ. ದುಡ್ಡು ದೊಡ್ಡದಲ್ಲ, ಶುರು ಆಗೋದೇ 125 ಡಾಲರಿಂದ. ಆದ್ರೆ ಪಳಗದ ದೊಡ್ಡ ಕುದುರೆಗೆ ಆರಡಿ ಎತ್ತರದ ಬೇಲಿ ಬೇಕು, ಕನಿಷ್ಠ 400 ಚದರಡಿ ಜಾಗ ಬೇಕು, ಮತ್ತೆ ಒಂದು ವರ್ಷ ಚೆನ್ನಾಗಿ ನೋಡ್ಕೊಂಡಿದೀರಿ ಅಂತ ಖಾತ್ರಿ ಆದ ಮೇಲೇ ಅದು ನಿಮ್ಮ ಹೆಸರಿಗೆ ಆಗೋದು. ನಾನು ತಂದಿದ್ದು ಕೆಂಚು ಬಣ್ಣದ ಗಂಡು, ಬೀಜ ಒಡೆಸಿದ್ದು, ಕುತ್ತಿಗೆ ಎಡಗಡೆ ಸರ್ಕಾರದ ಬಿಳಿ ಗುರುತು. ಹೆಸರು ಬೆಲ್ಲ ಅಂತ ಇಟ್ಟೆ. ಅಮ್ಮನಿಗೆ ಫೋನ್ ಮಾಡಿ ಹೇಳಿದ್ರೆ "ಹಿಂದ್ಗಡೆ ಮಾತ್ರ ನಿಂತ್ಕೋಬೇಡ ಕಣೇ" ಅಂದ್ಲು. ಇವತ್ತಿಗೂ ಇದಕ್ಕಿಂತ ಒಳ್ಳೆ ಸಲಹೆ ಯಾರೂ ಕೊಟ್ಟಿಲ್ಲ!

ಹುಷಾರಿನ ವಿಷಯ ಏನಂದ್ರೆ ಕುದುರೆ ಬೇರೆ ಪ್ರಾಣಿಗಳಿಗೆ ಊಟ ಆಗೋ ಪ್ರಾಣಿ, ಅದರ ಕಣ್ಣಿಗೆ ಸೀದಾ ನಡ್ಕೊಂಡು ಬರೋ ಮನುಷ್ಯ ಅಂದ್ರೆ ಹಿಡಿಯೋಕೆ ಬರ್ತಿರೋನು. ಅದಕ್ಕೇ ಮೊದಲ ದಿನಗಳಲ್ಲಿ ನಾನು ಮಾಡಿದ್ದು ಹತ್ರ ಹೋಗೋದಲ್ಲ, ವಾಪಸ್ ಬರೋದು. ಓರೆಯಾಗಿ ನಾಲ್ಕು ಹೆಜ್ಜೆ ಹೋಗೋದು, ಅದು ಕಿವಿ ನನ್ನ ಕಡೆ ತಿರುಗಿಸ್ತು ಅಂದ ತಕ್ಷಣ, ಅದು ಓಡೋ ಯೋಚನೆ ಮಾಡೋ ಮುಂಚೆ, ನಾನೇ ತಿರುಗಿ ದೂರ ಹೋಗೋದು. ಟಾಮ್ ಡೊರೆನ್ಸ್, ರೇ ಹಂಟ್ ಅಂತ ಇಲ್ಲಿ ಹಳಬರು ಇದ್ರು, ಒದೆಸ್ಕೊಂಡು ಬೀಳಿಸ್ಕೊಂಡು ಕುದುರೆ 'ಮುರಿಯೋ' ಕೌಬಾಯ್ ಪದ್ಧತಿ ಬಿಟ್ಟು ಬೇರೆ ದಾರಿ ತೋರಿಸಿದವರು, ಅವರ ಪಾಠದ ಸಾರ ಇಷ್ಟೇ: ಒತ್ತಡ ಹಾಕೋದ್ರಿಂದ ಕುದುರೆ ಕಲಿಯಲ್ಲ, ಒತ್ತಡ ತೆಗೆಯೋ ಕ್ಷಣದಲ್ಲಿ ಕಲಿಯುತ್ತೆ. ಹಗ್ಗ ಸ್ವಲ್ಪ ಬಿಗಿ ಹಿಡೀತೀರ, ಸುಮ್ನೆ ಕಾಯ್ತೀರ, ಅದು ಅರ್ಧ ಹೆಜ್ಜೆ, ಹೆಜ್ಜೆನೂ ಬೇಡ, ಮೈಭಾರ ನಿಮ್ಮ ಕಡೆ ವಾಲಿಸಿದ್ರೂ ಸಾಕು, ಹಗ್ಗ ಸಡಿಲ ಬಿಡ್ಬೇಕು. ಎರಡು ಸೆಕೆಂಡ್ ತಡ ಮಾಡಿದ್ರೆ ಅದು ಬೇರೇನೋ ಮಾಡ್ತಿರುತ್ತೆ, ಆ ಬೇರೇನೋ ಕಲ್ತು ಬಿಡುತ್ತೆ, ಆಮೇಲೆ ನಾವು ಕುದುರೆ ಹಠಮಾರಿ ಅಂತ ಬೈಕೊಂಡು ಓಡಾಡ್ತೀವಿ.

ಮೊದಲ ಸಲ ಮುಟ್ಟಿದ್ದು ಕೈಯಿಂದಲ್ಲ, ಉದ್ದದ ಬಿದಿರು ಕೋಲಿಂದ. ಕೋಲಿನ ತುದಿ ಹೆಗಲ ಮೇಲೆ, ಕುತ್ತಿಗೆ ಕೂದಲು ಮುಗಿಯೋ ಜಾಗದಲ್ಲಿ ಇಟ್ಟು ಮೆಲ್ಲಗೆ ಕೆರೆಯೋದು. ಕುದುರೆಗಳು ಒಂದನ್ನೊಂದು ಹಲ್ಲಲ್ಲಿ ಕೆರೆಯೋ ಜಾಗ ಅದೇ, ಅಲ್ಲಿ ಕೆರೆದ್ರೆ ಎದೆಬಡಿತ ಇಳಿಯುತ್ತೆ ಅಂತ ಅಳೆದು ನೋಡಿದಾರೆ. ದಿನ ಕಳೆದಂಗೆ ಕೋಲನ್ನ ಗಿಡ್ಡ ಹಿಡ್ಕೊಂಡು ಹಿಡ್ಕೊಂಡು ಕೊನೆಗೆ ಕೈಗೆ ಬಂತು. ಎಡಗಡೆ ಒಪ್ಕೊಂಡಿದ್ದನ್ನ ಬಲಗಡೆ ಮತ್ತೆ ಮೊದಲಿಂದ ಶುರು ಮಾಡ್ಬೇಕು, ಕಣ್ಣುಗಳು ಎರಡು ಪಕ್ಕಕ್ಕಿರೋ ಪ್ರಾಣಿ ಇದು, ಬಲಗಡೆಯಿಂದ ನೋಡಿದ್ರೆ ಅದಕ್ಕೆ ಎಲ್ಲ ಹೊಸದು ಅನ್ನಿಸ್ಬಹುದು. ಆಮೇಲೆ ಹಾಲ್ಟರ್, ಅಂದ್ರೆ ಹಿಡಿದು ನಡೆಸೋಕೆ ತಲೆಗೆ ಹಾಕೋ ಪಟ್ಟಿ, ಕಾಲೆತ್ತಿ ಗೊರಸು ತೋರಿಸೋದು, ಬೆನ್ನ ಮೇಲೆ ಕಂಬಳಿ, ಆಮೇಲೆ ಜೀನು. ರೇನ್‌ಕೋಟ್ ಹಾಕಿ ತೆಗೆಯೋದನ್ನಂತೂ ಅದೆಷ್ಟು ಸಲ ಅದರ ಮುಂದೆ ಮಾಡಿದೀನೋ, ಪಕ್ಕದ ಮನೆಯವರು ನನಗೆ ತಲೆ ಕೆಟ್ಟಿದೆ ಅಂದ್ಕೊಂಡಿರ್ಬೇಕು. ಯಾಕಂದ್ರೆ ಬೆಟ್ಟದಲ್ಲಿ ಮಳೆ ಬಂದಾಗ ಜೀನಿನ ಮೇಲೆ ಕೂತೇ ಅದನ್ನ ಹಾಕ್ಕೋಬೇಕಾಗುತ್ತೆ, ಆ ಪರಪರ ಸದ್ದಿಗೆ ಎಷ್ಟೋ ಕುದುರೆ ಕಿತ್ಕೊಂಡು ಓಡಿದಾವೆ.

ಹತ್ತೋ ಮುಂಚೆ ಕಲಿಸ್ಲೇಬೇಕಾದ್ದು ಇನ್ನೊಂದು, ಒಂದೇ ಲಗಾಮು ಎಳೆದು ಮೂತಿನ ಪಕ್ಕಕ್ಕೆ ತಿರುಗಿಸೋದು. ಹೆದರಿದ ಕುದುರೆನ ಎರಡೂ ಲಗಾಮು ಜಗ್ಗಿ ನಿಲ್ಲಿಸೋಕಾಗಲ್ಲ, ಜಗ್ಗಿದಷ್ಟೂ ಅದು ಅದರ ವಿರುದ್ಧ ನುಗ್ಗುತ್ತೆ. ಕುತ್ತಿಗೆ ಒಂದು ಕಡೆ ಬಗ್ಗಿದ್ರೆ ಹಿಂಗಾಲು ಪಕ್ಕಕ್ಕೆ ಸರಿಯುತ್ತೆ, ಓಟದ ಜೋರು ಅಲ್ಲೇ ಹೋಗುತ್ತೆ. ಆದ್ರೆ ಇದನ್ನ ಬಯಲಲ್ಲಿ ನಡಿಗೆಯಲ್ಲೇ ಚೆನ್ನಾಗಿ ರೂಢಿ ಮಾಡಿಸಿರ್ಬೇಕು, ಪ್ರಪಾತದ ಪಕ್ಕದ ಕಿರುದಾರಿಯಲ್ಲಿ ಮೊದಲ ಸಲ ಟ್ರೈ ಮಾಡೋ ವಿಷಯ ಅಲ್ಲ ಇದು.

ಬೆಟ್ಟ ಅಂದ್ರೆ ನಮಗೆ ಹತ್ರ ಇರೋದು ರಾಕಿ ಬೆಟ್ಟಸಾಲಲ್ಲಿ ಕ್ಯಾಮರಾನ್ ಪಾಸ್ ಅನ್ನೋ ಘಟ್ಟದ ದಾರಿ ಕಡೆ, 10,276 ಅಡಿ. ಊರಿರೋದು ಐದು ಸಾವಿರ ಅಡಿಯಲ್ಲಿ, ಹಂಗಾಗಿ ನಮಗೆ ಉಸಿರು ಕಟ್ಟೋ ಹಂಗೇ ಕುದುರೆಗೂ ಆಗುತ್ತೆ. ಸುಮ್ನೆ ನಿಂತ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಏರು ಹತ್ತಿದ ಮೇಲೆ ನಿಲ್ಲಿಸಿ, ಅದು 60ರ ಒಳಗೆ ಬರೋ ತನಕ ನಾನು ಹೊರಡಲ್ಲ, ಹಿಂದೆ ಇರೋರು ಎಷ್ಟೇ ಗೊಣಗಲಿ. ಜುಲೈ ಆಗಸ್ಟಲ್ಲಿ ಮಧ್ಯಾಹ್ನ ಸಿಡಿಲು ಗ್ಯಾರಂಟಿ ಅಂತಲೇ ಲೆಕ್ಕ ಹಾಕ್ಬೇಕು, ಅದಕ್ಕೆ ಬೆಳಕು ಹರಿಯೋ ಮುಂಚೆನೇ ಜೀನು ಕಟ್ಟಿ, ಮರ ಬೆಳೆಯದ ಬೋಳು ಎತ್ತರದಿಂದ ಹನ್ನೆರಡರೊಳಗೆ ಕೆಳಗೆ ಇಳಿದಿರ್ಬೇಕು. 2020ರ ಕ್ಯಾಮರಾನ್ ಪೀಕ್ ಬೆಂಕಿಯಲ್ಲಿ ಈ ಕಡೆ ಎರಡು ಲಕ್ಷ ಎಕರೆ ಮೇಲೆ ಸುಟ್ಟಿದೆ, ನಿಂತಿರೋ ಕರಿ ಮರಗಳು ಗಾಳಿಗೆ ಯಾವಾಗ ಬೀಳ್ತವೋ ಹೇಳಕ್ಕಾಗಲ್ಲ, ಜೋರು ಗಾಳಿ ಇದ್ರೆ ನಾನು ಆ ದಾರಿಗೇ ಹೋಗಲ್ಲ.

ನಿಧಾನ ಅನ್ನೋದು ನಿಜವಾಗ್ಲೂ ಪರೀಕ್ಷೆಗೆ ಬರೋದು ತೊರೆ ಹತ್ರ. ಹರಿಯೋ ನೀರು, ಒಳಗೆ ಕಲ್ಲು, ತಳ ಕಾಣಲ್ಲ, ಬೆಲ್ಲ ಮೊದಲ ಸಲ ದಡದಲ್ಲಿ ಕಾಲು ಊರಿ ನಿಂತುಬಿಟ್ಟ. ಜೊತೆಗಿದ್ದವರು "ಒಂದೇಟು ಬಿಡಿ" ಅಂದ್ರು. ಬಿಡಲಿಲ್ಲ. ಮೂತಿ ನೀರಿನ ಕಡೆಗಿದ್ರೆ ನಾನು ಸುಮ್ನೆ, ಪಕ್ಕಕ್ಕೆ ತಿರುಗಿಸಿದ್ರೆ ಮಾತ್ರ ಕಾಲಲ್ಲಿ ಮೆಲ್ಲಗೆ ತಟ್ಟೋದು. ಮೂಸಿದ, ಗೊರಸಲ್ಲಿ ನೀರು ಬಡಿದ, ನನ್ನ ಪ್ಯಾಂಟೆಲ್ಲ ಒದ್ದೆ, ಆಮೇಲೆ ತಾನೇ ದಾಟಿದ. ಹೊಡೆದು ದಾಟಿಸಿದ್ರೆ ಹಾರಿ ದಾಟೋದು ಕಲೀತಿದ್ದ, ಕಲ್ಲಿನ ತೊರೆಯಲ್ಲಿ ಹಾರೋ ಕುದುರೆ ಅಂದ್ರೆ ಇಬ್ಬರ ಕಾಲೂ ಹೋದಂಗೆ.

ಈಗ ರಜಕ್ಕೆ ಬಂದು ಬಾಡಿಗೆ ಕುದುರೆ ಮೇಲೆ ಹೋಗೋರಿಗೆ. ಹೋದ ಬೇಸಿಗೆಯಲ್ಲಿ ಅಕ್ಕ ಭಾವ ಬೆಂಗಳೂರಿಂದ ಬಂದಿದ್ರು, ಭಾವ ಊಟಿ ಕೆರೆ ಹತ್ರ ಒಂದು ರೌಂಡ್ ಹೋಗಿರೋ ಧೈರ್ಯದಲ್ಲಿ "ನಂಗೂ ಬೆಲ್ಲನ್ನೇ ಕೊಡು" ಅಂದ್ರು. ಕುದುರೆ ತೂಕದ ಶೇಕಡ 20ಕ್ಕಿಂತ ಜಾಸ್ತಿ ಹೊರಿಸಬಾರದು ಅಂತ ಲೆಕ್ಕ, ಬೆಲ್ಲ 400 ಕೆಜಿ, ಅಂದ್ರೆ ಜೀನು ಸೇರಿ 80, ಕೌಬಾಯ್‌ಗಳ ವೆಸ್ಟರ್ನ್ ಜೀನೇ 15 ತಿನ್ನುತ್ತೆ. "ಭಾವ, ನೀವು 65 ಆದ್ಮೇಲೆ ಬನ್ನಿ" ಅಂದೆ, ಅಕ್ಕ ನಕ್ಕಿದ್ದು ಇನ್ನೂ ನಿಂತಿಲ್ಲ. ಅವರಿಗೆ ಬಾಡಿಗೆಗೆ ದಪ್ಪ ಮೂಳೆಯ ದೊಡ್ಡ ಕುದುರೆ ಹುಡುಕಿದ್ವಿ. ಹುಡುಕುವಾಗ ನಾನು ನೋಡೋದು ವೆಬ್‌ಸೈಟ್ ಫೋಟೋ ಅಲ್ಲ. ಬುಕ್ ಮಾಡುವಾಗ ನಿಮ್ಮ ತೂಕ ಕೇಳ್ತಾರಾ? ಜೀನು ತೆಗೆದಾಗ ಹೆಗಲ ಹತ್ರ ಬಿಳಿ ಕೂದಲ ಕಲೆ ಇದೆಯಾ? ಇದ್ರೆ ಯಾವತ್ತೋ ಜೀನು ಒತ್ತಿ ಗಾಯ ಆಗಿದೆ ಅಂತ. ಹೊಟ್ಟೆ ಸುತ್ತ ಜೀನಿನ ಪಟ್ಟಿ ಬಿಗಿಯುವಾಗ ಕುದುರೆ ಕಿವಿ ಹಿಂದಕ್ಕೆ ಮಡಚಿ ಕಚ್ಚೋಕೆ ಬರುತ್ತಾ, ಅಲ್ಲಿನ ಹುಡುಗರು ಅದಕ್ಕೆ ಗುದ್ದು ಕೊಡ್ತಾರಾ? ಅಷ್ಟು ಸಾಕು, ಹೋಗೋದೋ ಬಿಡೋದೋ ಗೊತ್ತಾಗುತ್ತೆ. ಹೆಲ್ಮೆಟ್ ಇಲ್ಲ ಅಂದ್ರೆ ನೀವೇ ತಗೊಂಡು ಹೋಗಿ, ಕೌಬಾಯ್ ಹ್ಯಾಟ್ ಫೋಟೋಗೆ ಇರಲಿ.

ರಾತ್ರಿ ಕ್ಯಾಂಪ್ ಮಾಡೋದಾದ್ರೆ ಇಲ್ಲಿನ ಸರ್ಕಾರಿ ಕಾಡಿಗೆ ಕಳೆಬೀಜ ಇಲ್ಲ ಅಂತ ಸರ್ಟಿಫೈ ಆದ ಹುಲ್ಲೇ ಒಯ್ಯಬೇಕು. ಕುದುರೆನ ಮರಕ್ಕೆ ಸೀದಾ ಕಟ್ಟಿದ್ರೆ ಬೇರು ಕೆದರಿ ತೊಗಟೆ ತಿಂದುಬಿಡುತ್ತೆ, ಎರಡು ಮರದ ನಡುವೆ ತಲೆಗಿಂತ ಎತ್ತರದಲ್ಲಿ ಹಗ್ಗ ಬಿಗಿದು ಅದಕ್ಕೆ ಕಟ್ಟಿ, ಮರಕ್ಕೆ ಅಗಲ ಪಟ್ಟಿ ಸುತ್ತಿ, ನೀರಿಂದ ಇನ್ನೂರಡಿ ದೂರ ಇರಲಿ. ಬೆಳಗ್ಗೆ ಲದ್ದಿ ಚೆದುರಿಸೋದು ಭಾವನ ಕೆಲಸ ಆಗಿತ್ತು, ಪಾಪ ಚೆನ್ನಾಗೇ ಮಾಡಿದ್ರು.

ಬರೋರು ಜುಲೈ ಮಧ್ಯದಿಂದ ಸೆಪ್ಟೆಂಬರ್ ಒಳಗೆ ಬನ್ನಿ, ಅದಕ್ಕೂ ಮುಂಚೆ ಮೇಲಿನ ದಾರಿಯಲ್ಲಿ ಹಿಮ ಇರುತ್ತೆ. ಸೆಪ್ಟೆಂಬರಲ್ಲಿ ಆಸ್ಪೆನ್ ಮರದ ಎಲೆ ಹಳದಿ ಆಗೋದು ನೋಡೋಕೆ ಸೂಪರ್, ಆದ್ರೆ ಬೇಟೆ ಸೀಸನ್ನೂ ಆವಾಗ್ಲೇ ಶುರು, ನೀವೂ ಕಿತ್ತಳೆ ಜಾಕೆಟ್ ಹಾಕ್ಕೊಳಿ, ಕುದುರೆಗೂ ಒಂದು ಕಿತ್ತಳೆ ಬಟ್ಟೆ ಹೊದೆಸಿ, ದೂರದಿಂದ ನೋಡಿದ್ರೆ ಬೆಲ್ಲನ ಬಣ್ಣಕ್ಕೂ ಎಲ್ಕ್ ಅನ್ನೋ ಇಲ್ಲಿನ ದೊಡ್ಡ ಜಿಂಕೆ ಬಣ್ಣಕ್ಕೂ ಅಂಥಾ ವ್ಯತ್ಯಾಸ ಇಲ್ಲ.