ಒಕ್ಕದ ಮರದಲ್ಲಿ ಅಜ್ಜನಿಗೆ ಸಿಕ್ಕಿದ್ದು ಒಂದೇ ಸಾಲು

2018ರ ಆಗಸ್ಟಿನ ಮಳೆಯಲ್ಲಿ ಕೊಡಗಿನ ಮಕ್ಕಂದೂರಿನ ಕಡೆ ಗುಡ್ಡಗಳು ಜರಿದಾಗ ನಮ್ಮ ಸಂಬಂಧಿಕರೊಬ್ಬರ ಮನೆಯೂ ಮಣ್ಣಿನಡಿ ಹೋಯಿತು. ಮನೆಯವರು ಉಟ್ಟ ಬಟ್ಟೆಯಲ್ಲೇ ಹೊರಬಂದು ಜೀವ ಉಳಿಸಿಕೊಂಡಿದ್ದರು. ತಿಂಗಳ ಮೇಲೆ ಅವರನ್ನು ಕಾಣಲು ಹೋದಾಗ ಅವರು ಮತ್ತೆ ಮತ್ತೆ ಒಂದು ಆಲ್ಬಮ್ಮಿನ ಮಾತನ್ನೇ ಎತ್ತುತ್ತಿದ್ದರು. ನನ್ನ ಅಜ್ಜ ಸಮವಸ್ತ್ರದಲ್ಲಿ ನಿಂತಿದ್ದ, ನಾನು ಒಮ್ಮೆಯೂ ನೋಡಿರದ ಫೋಟೋ ಅದರಲ್ಲಿತ್ತಂತೆ. ಅಜ್ಜನ ಬದುಕನ್ನು ಬರೆದಿಡಬೇಕೆಂದು ಹತ್ತು ವರ್ಷಗಳಿಂದ ಹೇಳುತ್ತಲೇ ಬಂದಿದ್ದ ನಾನು ಆ ವರ್ಷದ ಸುಗ್ಗಿಹಬ್ಬ ಪುತ್ತರಿ ಮುಗಿದ ಮೇಲೆ ಕೆಲಸಕ್ಕೆ ಕೈ ಹಚ್ಚಿದೆ.

ಮೊದಲು ಹಿಡಿದ ದಾರಿಯೇ ತಪ್ಪಾಗಿತ್ತು. ನಮ್ಮ ಒಕ್ಕದ, ಅಂದರೆ ಒಂದೇ ಮೂಲದ ಕುಟುಂಬದ, ಹಿರಿಯರು ಅಚ್ಚು ಹಾಕಿಸಿದ ವಂಶವೃಕ್ಷವೊಂದು ನಮ್ಮ ಮೂಲಮನೆಯಾದ ಐನ್‌ಮನೆಯಲ್ಲಿದೆ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದ ಮೇಲೆ ಒಕ್ಕದ ಹೆಸರಿನಲ್ಲಿ ಒಟ್ಟು ಸೇರುವ ಹುಮ್ಮಸ್ಸು ನಮ್ಮವರಲ್ಲೂ ಹೆಚ್ಚಿತ್ತು; ಆ ಹುಮ್ಮಸ್ಸಿನಲ್ಲೇ ಈ ಮರವೂ ತಯಾರಾಗಿತ್ತು. ಅದರಲ್ಲಿ ಅಜ್ಜನ ಹೆಸರು ಇದೆ, ಅವರ ತಂದೆಯ ಹೆಸರಿದೆ, ಕೆಳಗೆ ಗಂಡುಮಕ್ಕಳ ಹೆಸರುಗಳಿವೆ. ಅಷ್ಟೇ. ನಮ್ಮಲ್ಲಿ ಒಕ್ಕದ ಹೆಸರು, ತಂದೆಯ ಹೆಸರು, ತನ್ನ ಹೆಸರು ಎಂಬ ಕ್ರಮವಿರುವುದರಿಂದ ವಂಶ ಬರೆಯುವುದು ಸುಲಭವೆಂದು ಹೊರಗಿನವರು ಭಾವಿಸಬಹುದು. ಆದರೆ ಕಾರ್ಯಪ್ಪ, ಪೊನ್ನಪ್ಪ, ಸುಬ್ಬಯ್ಯನಂಥ ಹೆಸರುಗಳು ತಲೆಮಾರು ಬಿಟ್ಟು ತಲೆಮಾರಿಗೆ ಮರಳುವುದರಿಂದ ಒಂದೇ ಒಕ್ಕದಲ್ಲಿ, ಒಂದೇ ತಂದೆಯ ಹೆಸರಿನೊಡನೆ, ಇಬ್ಬರು ಮೂವರು ಸಿಕ್ಕಿಬಿಡುತ್ತಾರೆ. ಅಜ್ಜನ ದೊಡ್ಡಪ್ಪನ ಮಗನ ಸಾಲದ ಪತ್ರವೊಂದನ್ನು ನಾನು ಅಜ್ಜನದೆಂದೇ ತಿಳಿದು ಎರಡು ತಿಂಗಳು ಅದರ ಬೆನ್ನು ಹತ್ತಿದ್ದೆ.

ಕಾಗದಪತ್ರಗಳಿಂದ ದೊರೆತದ್ದು ಕಡಿಮೆಯೇನಲ್ಲ. ವಂಶಪಾರಂಪರ್ಯವಾಗಿ ಬಂದ ಜಮ್ಮ ಜಮೀನು ಒಕ್ಕಕ್ಕೆ ಸೇರಿದ್ದಾಗಿ ಒಕ್ಕದ ಯಜಮಾನರಾದ ಪಟ್ಟೆದಾರರ ಹೆಸರಿನಲ್ಲಿ ದಾಖಲಾಗುತ್ತಿದ್ದುದರಿಂದ, ಪಟ್ಟೆದಾರರ ಹೆಸರು ಬದಲಾದ ವರ್ಷ ಗೊತ್ತಾದರೆ ಹಿಂದಿನವರು ತೀರಿಕೊಂಡ ಕಾಲವನ್ನು ಹೆಚ್ಚುಕಡಿಮೆ ಊಹಿಸಬಹುದು. ತಾರೀಖಿಲ್ಲದ ಚೀಟಿಗಳಿಗೆ ಕಾಲ ಗೊತ್ತುಮಾಡಲು ನಾನು ಬಳಸಿದ ಉಪಾಯಗಳು ತೀರಾ ಸರಳವಾದವು. ಲೆಕ್ಕ ಆಣೆಯಲ್ಲಿದ್ದರೆ ಅದು 1957ರ ಏಪ್ರಿಲ್ಲಿಗೆ ಹಿಂದಿನದು, ಅಥವಾ ಹಳೆಯ ಅಭ್ಯಾಸ ಬಿಡದ ಅಂಗಡಿಯವರದು. ‘ನಯಾ ಪೈಸೆ’ ಎಂದಿದ್ದರೆ ಅದರ ನಂತರದ್ದು. ಸರ್ಕಾರಿ ಕಾಗದದ ತಲೆಯಲ್ಲಿ ಕೊಡಗು ಪ್ರತ್ಯೇಕ ರಾಜ್ಯವೆಂದಿದ್ದರೆ 1956ರ ನವೆಂಬರ್ 1ಕ್ಕೆ ಮುಂಚಿನದು, ಮೈಸೂರು ರಾಜ್ಯವೆಂದಿದ್ದರೆ ಅಲ್ಲಿಂದ 1973ರವರೆಗಿನದು. ಅಜ್ಜ ಕಾಫಿ ಒಪ್ಪಿಸಿದ್ದಕ್ಕೆ ಪಡೆದ ರಸೀದಿಗಳ ಒಂದು ಕಟ್ಟನ್ನು ಹೀಗೆಯೇ ವರ್ಷವಾರು ಜೋಡಿಸಿದೆ. ಆದರೆ ಇವೆಲ್ಲ ತೋಟದ ಯಜಮಾನನ ಚರಿತ್ರೆಯಾಯಿತು. ಹುಡುಗನಾಗಿದ್ದ ಅಜ್ಜ ಇನ್ನೂ ಎಲ್ಲೂ ಸಿಕ್ಕಿರಲಿಲ್ಲ.

ಸಿಕ್ಕಿದ್ದು ಅರುವರ ಮನೆಯಲ್ಲಿ. ಪ್ರತಿ ಒಕ್ಕಕ್ಕೂ ಬೇರೊಂದು ಒಕ್ಕದವರು ಅರುವರಾಗಿರುತ್ತಾರೆ. ಮದುವೆಯಲ್ಲಿ ಎರಡೂ ಕಡೆಯ ಅರುವರು ಎದುರುಬದುರು ನಿಂತು, ಹೆಣ್ಣಿಗೆ ಹೊಸ ಮನೆಯಲ್ಲಿ ಸಲ್ಲಬೇಕಾದ ಹಕ್ಕುಗಳನ್ನು ನುಡಿದು, ಕಲ್ಲಿನ ಹರಳುಗಳನ್ನು ಕೈ ದಾಟಿಸಿ ಸಮ್ಮಂದ ಅಡ್ಕುವ ಶಾಸ್ತ್ರವನ್ನು ನಡೆಸಿಕೊಡುತ್ತಾರೆ. ಯಾವ ಹೆಣ್ಣು ಯಾವ ಮನೆಯಿಂದ ಬಂದಳು, ಯಾವ ಮನೆಗೆ ಹೋದಳು ಎಂಬುದು ನಮ್ಮ ಅಚ್ಚಾದ ಮರದಲ್ಲಿ ಇಲ್ಲದಿದ್ದರೂ ನಮ್ಮ ಅರುವರ ಮನೆಯ, ಎಂಬತ್ತು ದಾಟಿದ ಹಿರಿಯರೊಬ್ಬರ ನಾಲಗೆಯ ತುದಿಯಲ್ಲಿತ್ತು. ಅಜ್ಜನ ತಂದೆ ಬೇಗ ತೀರಿಕೊಂಡಿದ್ದರಿಂದ ತಾಯಿ ಮಕ್ಕಳನ್ನು ಕರೆದುಕೊಂಡು ನಾಪೋಕ್ಲು ಕಡೆಯ ತನ್ನ ತಾಮನೆಗೆ, ಅಂದರೆ ತವರಿಗೆ, ಮರಳಿದ್ದರೆಂದೂ, ಅಜ್ಜ ಓದಿದ್ದು ಬೆಳೆದದ್ದು ಸೋದರಮಾವನ ನೆರಳಿನಲ್ಲೆಂದೂ ಅವರಿಂದ ತಿಳಿಯಿತು. ನಮ್ಮ ಐನ್‌ಮನೆಯಲ್ಲಿ ಅಜ್ಜನ ಬಾಲ್ಯದ ಒಂದು ಚೂರೂ ಸಿಗದಿದ್ದುದಕ್ಕೆ ಕಾರಣ ಇಷ್ಟೇ: ಅವರು ಅಲ್ಲಿರಲೇ ಇಲ್ಲ.

ಅಲ್ಲಿಂದ ಮುಂದೆ ನಾನು ಗಂಡಸರ ಸಾಲನ್ನು ಬಿಟ್ಟು ಹೆಂಗಸರು ಹೋದ ದಾರಿಯನ್ನೇ ಹಿಡಿದೆ. ಅಜ್ಜನ ತಂಗಿ ಪೊನ್ನಂಪೇಟೆಯ ಹತ್ತಿರದ ಒಂದು ಒಕ್ಕಕ್ಕೆ ಮದುವೆಯಾಗಿ ಹೋಗಿದ್ದವರು, ಆಗ ತೊಂಬತ್ತರ ಮೇಲಿನವರು. ‘ಅಜ್ಜನ ಬಗ್ಗೆ ಹೇಳಿ’ ಎಂದು ಕೇಳಿದಾಗ ಒಳ್ಳೆಯ ಮನುಷ್ಯ ಎಂದಷ್ಟೇ ಹೇಳಿ ಸುಮ್ಮನಾದರು. ಎರಡನೆಯ ಸಲ ಕೇಳಲಿಲ್ಲ. ಹಳೆಯ ಫೋಟೋ ಒಂದನ್ನು ಕೈಗಿತ್ತು, ಪಕ್ಕದಲ್ಲಿ ಮೊಬೈಲ್ ರೆಕಾರ್ಡಿಂಗಿಗೆ ಇಟ್ಟು, ಕಾಫಿ ಕುಡಿಯುತ್ತ ಕುಳಿತೆ. ಕೋಟಿನ ಗುಂಡಿ ಯಾರು ಹೊಲಿದದ್ದು ಎಂಬಲ್ಲಿಂದ ಶುರುವಾದ ಮಾತು ಎರಡು ಗಂಟೆ ನಡೆಯಿತು. “ಅಣ್ಣ ಹುಟ್ಟಿದ ವರ್ಷ ಹೊಳೆ ಗದ್ದೆಗೆಲ್ಲ ಏರಿತ್ತಂತೆ ಮಗ, ಕೈಲ್‌ಪೊಳ್ದ್ ಆಗಿ ಹದಿನೈದು ದಿನಕ್ಕೆ ಹುಟ್ಟಿದ್ದು ಅಂತ ಅವ್ವ ಹೇಳ್ತಿದ್ರು” ಎಂದರು. ಕೈಲ್‌ಪೊಳ್ದ್ ಎಂದರೆ ನಮ್ಮ ಆಯುಧಪೂಜೆಯ ಹಬ್ಬ. ಕಾವೇರಿಯ ಆ ಮಹಾಪ್ರವಾಹ ಬಂದದ್ದು 1924ರ ಜುಲೈಯಲ್ಲಿ. ಸೈನ್ಯದ ಡಿಸ್ಚಾರ್ಜ್ ಪುಸ್ತಕದಲ್ಲಿ ಅಜ್ಜ ಹುಟ್ಟಿದ ವರ್ಷ 1921 ಎಂದಿದೆ, ಸೇರಿದ್ದು 1941ರಲ್ಲಿ ಎಂದಿದೆ. ಹದಿನೇಳರ ಹುಡುಗ ವಯಸ್ಸು ಹೆಚ್ಚು ಹೇಳಿ ಸೇರಿದನೇ ಎಂದು ಕೇಳಿದೆ. “ಮತ್ತೇನು, ಮಾವನಿಗೆ ಹೇಳದೆ ಹೋದದ್ದಲ್ಲವಾ” ಎಂದು ನಕ್ಕರು.

ಅವರ ತಗಡಿನ ಪೆಟ್ಟಿಗೆಯಲ್ಲಿ ಅಜ್ಜ ಬರೆದ ಹದಿನಾಲ್ಕು ಕಾಗದಗಳಿದ್ದವು. ಕೊಡವ ತಕ್ಕನ್ನು, ಅಂದರೆ ಕೊಡವ ಭಾಷೆಯನ್ನು, ಕನ್ನಡ ಅಕ್ಷರದಲ್ಲಿ ಬರೆದ ಕಾಗದಗಳು. ಕೆಲವು ಸಾಲುಗಳ ಮೇಲೆ ಸೆನ್ಸಾರಿನವರ ಮಸಿ ಬಿದ್ದಿದೆ. ಸೈನ್ಯದ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದ ಅಜ್ಜ ಬರ್ಮಾದಿಂದ ಬರೆದ ಒಂದರಲ್ಲಿ ‘ನಮ್ಮ ಕಾವೇರಿಗಿಂತ ಎಷ್ಟೋ ದೊಡ್ಡ ಹೊಳೆಗೆ ಸೇತುವೆ ಹಾಕಿದ್ದೇವೆ’ ಎಂಬ ಅರ್ಥದ ಮಾತಿದೆ. 1944ರ ಡಿಸೆಂಬರಿನಲ್ಲಿ ಕಲೇವಾದ ಬಳಿ ಚಿಂಡ್ವಿನ್ ನದಿಗೆ 1,154 ಅಡಿ ಉದ್ದದ, ಉಕ್ಕಿನ ಬಿಡಿಭಾಗಗಳನ್ನು ಜೋಡಿಸಿ ಕಟ್ಟುವ ಬೈಲಿ ಸೇತುವೆ ಹಾಕಿದ್ದರೆಂದು ಓದಿದ್ದ ನನಗೆ ಇದೇ ಅದು ಎಂದು ಬರೆದುಬಿಡುವ ಆಸೆ ಬಲವಾಗಿಯೇ ಇತ್ತು. ಕಾಗದದಲ್ಲಿ ಹೊಳೆಯ ಹೆಸರಾಗಲಿ ತಾರೀಖಾಗಲಿ ಇಲ್ಲದ ಕಾರಣ ಬರೆಯಲಿಲ್ಲ. ಇಂಥ ಆಸೆಗಳನ್ನು ತಡೆಯಲೆಂದೇ ನಾನು ಪ್ರತಿ ಸಂಗತಿಯನ್ನೂ ಬೇರೆ ಬೇರೆ ಕಾರ್ಡಿನಲ್ಲಿ ಬರೆದು, ದಾಖಲೆಯಲ್ಲಿ ಕಂಡದ್ದನ್ನು ಕಪ್ಪು ಮಸಿಯಲ್ಲೂ ಬಾಯಿಮಾತಿನಲ್ಲಿ ಕೇಳಿದ್ದನ್ನು ನೀಲಿಯಲ್ಲೂ ಇಟ್ಟಿದ್ದೇನೆ. ಹೇಳಿದವರು ಯಾರು, ಯಾವ ದಿನ ಎಂಬುದು ಕಾರ್ಡಿನ ಹಿಂಬದಿಯಲ್ಲಿದೆ.

ಕಾಗದಗಳ ಫೋಟೋಗಳನ್ನು ಮಾರ್ಚ್ ತಿಂಗಳಲ್ಲಿ, ಕಿಟಕಿಯ ಬೆಳಕಿನಲ್ಲಿ ತೆಗೆದೆ. ನಮ್ಮ ಮಳೆಗಾಲದಲ್ಲಿ ಹಳೆಯ ಕಾಗದ ಬಿಚ್ಚಿದರೆ ಬೂಷ್ಟಿಗೆ ನಾವೇ ಬಾಗಿಲು ತೆರೆದಂತೆ. ಮೂಲಗಳನ್ನು ಆ ಪೆಟ್ಟಿಗೆಗೇ ಮರಳಿಸಿದೆ, ಪ್ರತಿಗಳನ್ನು ಮೂರು ಮನೆಗಳಿಗೆ ಹಂಚಿದೆ.

ಹೊಸ ಮರದಲ್ಲಿ ಹೆಂಡತಿಯರ, ಸೊಸೆಯರ ತಾಮನೆಯ ಒಕ್ಕವನ್ನೂ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನೂ ಸೇರಿಸಿದ್ದರಿಂದ ಹಾಳೆ ಮೂರು ಪಟ್ಟು ಅಗಲವಾಯಿತು. ಕಳೆದ ವರ್ಷ ಕಾರಣಂಗೆ ಕೊಡುವ, ಅಂದರೆ ಗತಿಸಿದ ಹಿರಿಯರಿಗೆ ಎಡೆಯಿಡುವ, ದಿನ ಅದನ್ನು ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ದೀಪವಿರುವ ನಡುಮನೆಯಲ್ಲಿ, ಹಾಸಿದಾಗ ನಮ್ಮ ಪಟ್ಟೆದಾರರು ಇಷ್ಟೊಂದು ಹೊರಗಿನ ಹೆಸರುಗಳೇಕೆ ಎಂದು ಹುಬ್ಬು ಗಂಟಿಕ್ಕಿದರು. ಅಡಿಗೆಮನೆಯಿಂದ ಬಂದ ಹೆಂಗಸರು ಮಾತ್ರ ಬಗ್ಗಿ ತಮ್ಮ ತಮ್ಮ ತಾಯಂದಿರನ್ನು ಹುಡುಕುತ್ತಿದ್ದರು. ಅಜ್ಜ ಹುಟ್ಟಿದ ವರ್ಷದ ಜಾಗದಲ್ಲಿ 1921 ಕಪ್ಪು ಮಸಿಯಲ್ಲಿದೆ, ಅದರ ಪಕ್ಕದಲ್ಲಿ 1924 ನೀಲಿಯಲ್ಲಿದೆ.