ಎರೆಹೊಲದಲ್ಲಿ ಎರಡು ಗುಂಟೆ ಬೆಳ್ಳುಳ್ಳಿ

ಮೊದಲ ವರ್ಷ ಬೆಳ್ಳುಳ್ಳಿ ಹೆಸರಲ್ಲಿ ನಾನು ಬೆಳೆದದ್ದು ಬರೀ ಸೊಪ್ಪು. ಸಂತೆಯಲ್ಲಿ ಬೆಳ್ಳಗೆ ಹೊಳೆಯುವ, ದಪ್ಪ ಎಸಳಿನ ಗಡ್ಡೆ ಕಂಡಿತ್ತು. ದೊಡ್ಡ ಎಸಳು ಊರಿದರೆ ದೊಡ್ಡ ಗಡ್ಡೆ ಬರುತ್ತದೆ ಅಂತ ಲೆಕ್ಕ ಹಾಕಿ ಐದು ಕಿಲೋ ತಂದೆ. ಪಕ್ಕದ ಹೊಲದ ಆಯಿ ನೋಡಿ, "ತಮ್ಮಾ, ಅದು ತಿನ್ನಾಕ ಛಲೋ, ಊರಾಕ ಅಲ್ಲ" ಅಂದಿದ್ದರು. ನಾನು ಕೇಳಲಿಲ್ಲ. ಎಲೆ ಏನೋ ಮೊಣಕಾಲೆತ್ತರ ಬಂತು. ಮಾರ್ಚ್‌ನಲ್ಲಿ ಕಿತ್ತು ನೋಡಿದರೆ ಬುಡದಲ್ಲಿ ಗಡ್ಡೆಯೇ ಇಲ್ಲ. ನಾನು ತಂದದ್ದು ಗುಡ್ಡಗಾಡಿನ ತಳಿ, ಅಂಥವಕ್ಕೆ ಗಡ್ಡೆ ಕಟ್ಟಲು ಉದ್ದನೆಯ ಹಗಲು ಬೇಕು ಅಂತ ಆಮೇಲೆ ತಿಳಿಯಿತು. ನಮ್ಮ ಗದಗ ಕಡೆ ಡಿಸೆಂಬರ್ ಹಗಲು 11 ತಾಸಿಗಿಂತ ಸ್ವಲ್ಪವೇ ಹೆಚ್ಚು.

ಮರುವರ್ಷ ಅದೇ ಆಯಿ ಹತ್ತಿರ ಜವಾರಿ ಬೀಜ ಕೇಳಿಕೊಂಡು ಹೋದೆ. ಗಡ್ಡೆ ಸಣ್ಣದು, ಆದರೆ ಘಾಟು ಜೋರು. ಎರಡು ಗುಂಟೆಗೆ 10 ಕಿಲೋ ಹಿಡಿಯಿತು.

ನಾನು ಊರುವುದು ಸೀಗೆ ಹುಣ್ಣಿಮೆ ಮತ್ತು ದೀಪಾವಳಿ ನಡುವೆ. ಮಳೆ ಹಿಂದಾಗಿ, ಬೆಳಗಿನ ಜಾವ ಚಾದರ ಹೊದೆಯುವಷ್ಟು ತಣ್ಣಗಾಗಿರಬೇಕು. ತಡವಾದರೆ ಗಡ್ಡೆ ಊದುವ ಹೊತ್ತಿಗೆ ಬಿಸಿಲು ಬಂದುಬಿಡುತ್ತದೆ. ಗಡ್ಡೆಯನ್ನು ಊರುವ ಹಿಂದಿನ ದಿನವೇ ಬಿಡಿಸುತ್ತೇನೆ, ಅದಕ್ಕಿಂತ ಮುಂಚೆ ಅಲ್ಲ. ಮೇಲಿನ ಸಿಪ್ಪೆ ಹಾಗೇ ಇರಬೇಕು. ಹೊರಸುತ್ತಿನ ದಪ್ಪ ಎಸಳು ಬೀಜಕ್ಕೆ, ಒಳಗಿನ ಸಣ್ಣವು ಚಟ್ನಿಗೆ. ಮಡಿ ಮಾಡಿ, ಸಾಲಿಂದ ಸಾಲಿಗೆ ಒಂದು ಗೇಣಿಗಿಂತ ಕಡಿಮೆ, ಅಂದರೆ 15 ಸೆಂ.ಮೀ., ಎಸಳಿಂದ ಎಸಳಿಗೆ 10 ಸೆಂ.ಮೀ. ಬಿಡುತ್ತೇನೆ. ಚೂಪು ತುದಿ ಮೇಲೆ, ಬೇರು ಬರುವ ಚಪ್ಪಟೆ ಬುಡ ಕೆಳಗೆ. ಬೆರಳಿನ ಒಂದು ಗೆಣ್ಣು ಆಳ ಸಾಕು. ಹತ್ತು ಸಾವಿರ ಎಸಳನ್ನು ಹೀಗೆ ಒಂದೊಂದಾಗಿ ಚುಚ್ಚುವಾಗ ಸೊಂಟ ಏನಾಗುತ್ತದೆ ಅಂತ ಕೇಳಬೇಡಿ. ಅವಸರಕ್ಕೆ ತಲೆಕೆಳಗಾಗಿ ಊರಿದವೂ ಹುಟ್ಟುತ್ತವೆ, ಆದರೆ ಕತ್ತು ಸೊಟ್ಟಗಾಗಿ ಗಡ್ಡೆ ವಕ್ರ ಬರುತ್ತದೆ.

ಗೊಬ್ಬರದ ಚಿಂತೆ ಜಾಸ್ತಿ ಇರಲಿಲ್ಲ. ಬೇಸಿಗೆಯಲ್ಲೇ ಎರಡು ರಾತ್ರಿ ಕುರಿ ಹಿಂಡು ತರುಬಿಸಿದ್ದೆ, ಅಂದರೆ ಹಿಕ್ಕೆ ಬೀಳಲಿ ಅಂತ ಹೊಲದಲ್ಲೇ ನಿಲ್ಲಿಸಿದ್ದೆ. ಯೂರಿಯಾ ಕೊಡುವುದಿದ್ದರೆ ಮೊದಲ ಒಂದೂವರೆ ತಿಂಗಳಲ್ಲೇ ಮುಗಿಸಬೇಕು. ಆಮೇಲೆ ಕೊಟ್ಟರೆ ಎಲೆ ಸೊಕ್ಕುತ್ತದೆ, ಗಡ್ಡೆ ಬಡವಾಗುತ್ತದೆ. ಬೇರು ಮೇಲೆಯೇ ಇರುವುದರಿಂದ ಸದೆಯನ್ನು, ಅಂದರೆ ಕಳೆಯನ್ನು, ಕೈಯಿಂದಲೇ ಕೀಳಬೇಕು.

ಎಳ್ಳಮಾವಾಸ್ಯೆ ಸುಮಾರಿಗೆ ಎಲೆಯ ಮೇಲೆ ಬೆಳ್ಳಿ ಗೀರು ಕಂಡವು. ಎಲೆಯ ಕಂಕುಳು ಬಿಡಿಸಿ ನೋಡಿದರೆ ಕೂದಲೆಳೆಯಂಥ ಹಳದಿ ಹುಳು ಓಡಾಡುತ್ತಿದ್ದವು. ಅದೇ ಥ್ರಿಪ್ಸ್. ಬೇವಿನೆಣ್ಣೆ ಹೊಡೆದೆ. ಆದರೆ ಬೆಳ್ಳುಳ್ಳಿ ಎಲೆಗೆ ಮೇಣ ಇರುತ್ತದೆ ಅಲ್ವಾ, ಹನಿ ಸುಮ್ನೆ ಜಾರಿ ಬೀಳುತ್ತದೆ. ಸ್ವಲ್ಪ ಸೋಪಿನ ನೀರು ಬೆರೆಸಿದ ಮೇಲೆ ಅಂಟಿಕೊಂಡಿತು.

ಇಷ್ಟೆಲ್ಲ ಸರಿಯಾಗಿ ಮಾಡಿ, ಕೊನೆಗೆ ನೀರಿನಲ್ಲಿ ಎಡವಿದೆ. ಫೆಬ್ರುವರಿಯಲ್ಲಿ ಎಲೆ ತುದಿ ಹಳದಿಯಾಗಲು ಶುರುವಾಯಿತು. ಬಾಯಾರಿದೆ ಅಂದುಕೊಂಡು ಬೋರ್ ಚಾಲೂ ಮಾಡಿ ತುಂಬು ನೀರು ಬಿಟ್ಟೆ. ಅದು ಬಾಯಾರಿಕೆ ಅಲ್ಲ, ಮಾಗುವ ಬಣ್ಣ. ಕಿತ್ತಾಗ ಎಷ್ಟೋ ಗಡ್ಡೆಗಳ ಮೇಲಿನ ಪದರ ಹರಿದು, ಎಸಳು ಬಿರಿದು ಹೂವಿನಂತೆ ಅರಳಿದ್ದವು. ಕೆಲವು ಒಳಗೇ ಮೊಳೆತಿದ್ದವು. ಮೇ ತಿಂಗಳಿಗೆ ಅರ್ಧ ಕೊಳೆತು, ಕೋಣೆಯೆಲ್ಲ ನಾತ.

ಈಗ ಎಲೆ ಹಳದಿಗೆ ತಿರುಗಿದ ಕೂಡಲೇ ನೀರು ಬಂದ್. ಹದಿನೈದು, ಇಪ್ಪತ್ತು ದಿನ ಬಿಟ್ಟು ಕೀಳುತ್ತೇನೆ. ಅಷ್ಟರಲ್ಲಿ ಎರೆಮಣ್ಣು ಕಲ್ಲಿನಂತೆ ಬಿಗಿದಿರುತ್ತದೆ. ಸೊಪ್ಪು ಹಿಡಿದು ಎಳೆದರೆ ಸೊಪ್ಪಷ್ಟೇ ಕೈಗೆ ಬರುತ್ತದೆ. ಕುರ್ಪಿ ಹಾಕಿ ಎಬ್ಬಿಸಬೇಕು. ಎರಡು ದಿನ ಹೊಲದಲ್ಲೇ, ಒಂದರ ಸೊಪ್ಪು ಇನ್ನೊಂದರ ಗಡ್ಡೆಗೆ ನೆರಳಾಗುವಂತೆ ಮಲಗಿಸುತ್ತೇನೆ. ಆಮೇಲೆ ಸೊಪ್ಪಿನ ಸಮೇತ ಹೆಣೆದು ಗಾಳಿಯಾಡುವ ಪಡಸಾಲೆಯಲ್ಲಿ ತೂಗುಹಾಕುತ್ತೇನೆ. ಕಳೆದ ಸಲ ಒಣಗಿದ ಮೇಲೆ 70 ಕಿಲೋ ತೂಗಿತು.

ಬೀಜಕ್ಕೆ ಅಂತ ತೆಗೆದಿಟ್ಟ ಗೊಂಚಲು ಮಾತ್ರ ಈಗ ಅಟ್ಟದ ಮೇಲಿದೆ. ಪಡಸಾಲೆಯಲ್ಲಿ ಕೈಗೆಟುಕುವಂತೆ ಕಟ್ಟಿದ್ದ ವರ್ಷ, ಶ್ರಾವಣ ಮುಗಿಯುವಷ್ಟರಲ್ಲಿ ಅದರ ಅರ್ಧ ಒಗ್ಗರಣೆಗೆ ಹೋಗಿತ್ತು. ಮತ್ತೆ ಆಯಿ ಮನೆಗೇ ಹೋಗಬೇಕಾಯಿತು.