ಹೊಸ ಫ್ಲ್ಯಾಟ್‌ನಲ್ಲಿ ಸೋರಿಕೆ, ಬಿರುಕು: 5 ವರ್ಷದ ಹಕ್ಕು ಉಳಿಸಿಕೊಳ್ಳುವುದು ಹೇಗೆ?

ಹೊಸ ಫ್ಲ್ಯಾಟ್‌ನ ಗುಣ ಗೊತ್ತಾಗುವುದು ಮೊದಲ ಜೋರು ಮಳೆಗೆ. ಬೆಡ್‌ರೂಮ್ ಗೋಡೆಯಲ್ಲಿ ತೇವ ಏಳುತ್ತದೆ, ಕಿಟಕಿ ಮೂಲೆಯಿಂದ ನೀರು ಇಳಿಯುತ್ತದೆ. ಬಿಲ್ಡರ್ ಆಫೀಸಿಗೆ ಫೋನ್ ಮಾಡಿದರೆ, 'ಒಂದು ವರ್ಷ ಆಯ್ತಲ್ಲ ಸರ್, ವಾರಂಟಿ ಮುಗೀತು' ಎಂಬ ಉತ್ತರ ಬರುತ್ತದೆ. ಎಷ್ಟೋ ಜನ ಅದನ್ನೇ ನಂಬಿ ಕೈಯಿಂದ ದುಡ್ಡು ಹಾಕಿ ರಿಪೇರಿ ಮಾಡಿಸುತ್ತಾರೆ. ಇದನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ. ಯಾಕೆಂದರೆ ಆ ಖರ್ಚು ಬಿಲ್ಡರ್ ಮಾಡಬೇಕಾದದ್ದು.

2016ರ ರೇರಾ ಕಾಯ್ದೆಯ (ಫ್ಲ್ಯಾಟ್ ಕೊಳ್ಳುವವರ ಹಿತ ಕಾಯುವ ರಿಯಲ್ ಎಸ್ಟೇಟ್ ಕಾಯ್ದೆ) ಸೆಕ್ಷನ್ 14(3) ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ನೀವು ದೋಷವನ್ನು ಬಿಲ್ಡರ್ ಗಮನಕ್ಕೆ ತಂದರೆ, ಅವರು 30 ದಿನದೊಳಗೆ, ನಿಮ್ಮಿಂದ ಒಂದು ರೂಪಾಯಿಯೂ ತೆಗೆದುಕೊಳ್ಳದೆ ಸರಿಮಾಡಬೇಕು. ಮಾಡದಿದ್ದರೆ ಪರಿಹಾರ ಕೊಡಬೇಕು. ಪಿಲ್ಲರ್, ಬೀಮ್‌ಗಷ್ಟೇ ಇದು ಸೀಮಿತವಲ್ಲ. ಕೆಲಸದ ಗುಣಮಟ್ಟ, ಕೊಡಬೇಕಾದ ಸೌಲಭ್ಯಗಳು, ಒಪ್ಪಂದದಲ್ಲಿ ಹೇಳಿದ್ದು ಎಲ್ಲವೂ ಸೇರುತ್ತವೆ. ಸೇಲ್ ಡೀಡ್ ಆದ ಮೇಲೂ ಈ ಹೊಣೆ ಮುಗಿಯುವುದಿಲ್ಲ. ಆದರೆ ಗಮನಕ್ಕೆ ತಂದಿದ್ದೀರಿ ಎಂಬುದಕ್ಕೆ ನಿಮ್ಮ ಕೈಯಲ್ಲಿ ಪುರಾವೆ ಬೇಕು. ಫೋನಿನಲ್ಲಿ, ಸೈಟ್ ಸೂಪರ್‌ವೈಸರ್ ಹತ್ತಿರ ಬಾಯಿಮಾತಿನಲ್ಲಿ ಹೇಳಿದ್ದು ಮುಂದೆ ಲೆಕ್ಕಕ್ಕೆ ಬರುವುದು ಕಷ್ಟ.

ಸಹಿ ಹಾಕುವ ಮುಂಚೆ

ಮೊದಲು ಸೇಲ್ ಅಗ್ರಿಮೆಂಟ್‌ನಲ್ಲಿ ದೋಷದ ಹೊಣೆಯ ಷರತ್ತು ಎಲ್ಲಿದೆ ಎಂದು ಹುಡುಕಿ ಓದಿ. ಅಲ್ಲಿ 1 ವರ್ಷ ಎಂದಿದ್ದರೆ 5 ವರ್ಷ ಎಂದು ತಿದ್ದಲು ಕೇಳಿ. ಕಾಯ್ದೆ ಕೊಟ್ಟ ಹಕ್ಕನ್ನು ಬಿಲ್ಡರ್ ತಮ್ಮ ಕಾಗದದಲ್ಲಿ ಕಡಿಮೆ ಮಾಡಲಾಗದು, ನಿಜ. ಆದರೂ ಆಮೇಲೆ ವಾದ ಮಾಡುವುದಕ್ಕಿಂತ ಈಗಲೇ ಸರಿಮಾಡಿಸುವುದು ಸುಲಭ ಅಲ್ವಾ? ಪ್ರಾಜೆಕ್ಟ್‌ನ ರೇರಾ ನಂಬರ್ ಹಾಕಿ, ಈ ಕಾಯ್ದೆ ಜಾರಿ ಮಾಡುವ ರಾಜ್ಯದ ಪ್ರಾಧಿಕಾರವಾದ ಕರ್ನಾಟಕ ರೇರಾ ವೆಬ್‌ಸೈಟ್‌ನಲ್ಲಿ ಅದರ ವಿವರ ನೋಡಿಕೊಳ್ಳಿ.

ಕೀ ತೆಗೆದುಕೊಳ್ಳುವ ದಿನ

ಈ ದಿನ ಆತುರ ಬೇಡ. ಬಾತ್‌ರೂಮ್, ಬಾಲ್ಕನಿಯ ನೀರು ಹೋಗುವ ತೂತು ಮುಚ್ಚಿ, ನೀರು ತುಂಬಿಸಿ ಒಂದು ದಿನ ಬಿಡಲು ಮೊದಲೇ ಹೇಳಿ. ಮರುದಿನ ಕೆಳಗಿನ ಮನೆಯ ಸೀಲಿಂಗ್ ನೋಡಿ. ಟೈಲ್ಸ್ ಮೇಲೆ ನಾಣ್ಯದಿಂದ ತಟ್ಟಿ. ಟೊಳ್ಳು ಶಬ್ದ ಬಂದರೆ ಅಡಿಯಲ್ಲಿ ಸಿಮೆಂಟ್ ಸರಿಯಾಗಿ ಹಿಡಿದಿಲ್ಲ. ಎಲ್ಲ ಪ್ಲಗ್ ಪಾಯಿಂಟ್, ನಲ್ಲಿ, ಬಾಗಿಲು, ಕಿಟಕಿ ಒಮ್ಮೆ ಬಳಸಿ ನೋಡಿ.

ಸ್ವಾಧೀನ ಪತ್ರದಲ್ಲಿ 'ಎಲ್ಲ ಪರಿಶೀಲಿಸಿದ್ದೇನೆ, ದೋಷವಿಲ್ಲ' ಎಂಬ ಸಾಲು ಇರುವುದುಂಟು. ಹಾಗೇ ಸಹಿ ಹಾಕಬೇಡಿ. ಕಂಡ ದೋಷಗಳ ಪಟ್ಟಿ ಬರೆದು, 'ಈ ಪಟ್ಟಿಯ ಹೊರತಾಗಿ' ಎಂದು ಸೇರಿಸಿ ಸಹಿ ಮಾಡಿ. ಆ ಪತ್ರದ ಪ್ರತಿ ಜೋಪಾನ ಮಾಡಿ. 5 ವರ್ಷದ ಎಣಿಕೆ ಶುರುವಾಗುವುದು ಅಲ್ಲಿರುವ ದಿನಾಂಕದಿಂದಲೇ.

ಇಂಟೀರಿಯರ್ ಕೆಲಸ ಶುರುವಾಗುವ ಮುಂಚೆ ಖಾಲಿ ಮನೆಯ ಪ್ರತಿ ಗೋಡೆ, ನೆಲದ ಫೋಟೊ ತೆಗೆಯಿರಿ. ನೀವು ಟೈಲ್ಸ್ ಒಡೆಸಿದರೆ ಅಥವಾ ಪೈಪ್ ಜಾಗ ಬದಲಿಸಿದರೆ, ಸೋರಿಕೆ ನಿಮ್ಮಿಂದಲೇ ಆಯ್ತು ಎಂದು ಬಿಲ್ಡರ್ ಹೇಳುತ್ತಾರೆ. ಬಾತ್‌ರೂಮ್ ನೆಲವನ್ನು ಮುಟ್ಟದಿರುವುದೇ ಕ್ಷೇಮ.

ದೋಷ ಕಂಡಾಗ

ಎಲ್ಲ ಬಿರುಕೂ ಒಂದೇ ಅಲ್ಲ. ಪ್ಲಾಸ್ಟರ್ ಒಣಗುವಾಗ ಬರುವ ಕೂದಲೆಳೆಯಂಥ ಗೆರೆ ಸಾಮಾನ್ಯ. ಪಿಲ್ಲರ್, ಬೀಮ್ ಮೇಲಿನ ಬಿರುಕು, ಕಿಟಕಿ ಮೂಲೆಯಿಂದ ಓರೆಯಾಗಿ ಹೋಗುವ ಬಿರುಕು, ಸ್ಲ್ಯಾಬ್‌ನಲ್ಲಿ ತುಕ್ಕಿನ ಕಲೆ ಕಂಡರೆ ಸುಮ್ನಿರಬೇಡಿ. ಬಿರುಕಿನ ಎರಡು ತುದಿಗೂ ಪೆನ್ಸಿಲ್ ಗುರುತು ಹಾಕಿ ದಿನಾಂಕ ಬರೆಯಿರಿ. ಅದು ಗುರುತು ದಾಟಿ ಬೆಳೆದರೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ ವರದಿ ಪಡೆಯಿರಿ. ಇದಕ್ಕೆ ಖರ್ಚಾಗುತ್ತದೆ, ಆದರೆ ದೂರಿನಲ್ಲಿ ಅಷ್ಟು ಬಲ ಕೊಡುವ ಕಾಗದ ಬೇರೊಂದಿಲ್ಲ.

ಆಮೇಲೆ ಬಿಲ್ಡರ್‌ಗೆ ಇಮೇಲ್ ಮಾಡಿ, ಅದೇ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಫ್ಲ್ಯಾಟ್ ನಂಬರ್, ಸ್ವಾಧೀನದ ದಿನಾಂಕ, ಯಾವ ಕೋಣೆಯಲ್ಲಿ ಏನು ದೋಷ, ಯಾವಾಗಿನಿಂದ, ಫೋಟೊಗಳು ಇಷ್ಟಿರಲಿ. 'ಸೆಕ್ಷನ್ 14(3)ರಂತೆ 30 ದಿನದಲ್ಲಿ ಸರಿಮಾಡಿಕೊಡಿ' ಎಂಬ ಸಾಲು ಬಿಡಬೇಡಿ. ಬಂದು ಬರೀ ಪೇಂಟ್ ಬಳಿದು ಹೋದರೆ, ಸೋರಿಕೆ ಮತ್ತೆ ಕಂಡ ದಿನವೇ ಇನ್ನೊಂದು ಇಮೇಲ್ ಹಾಕಿ.

ಬೇಸ್‌ಮೆಂಟ್, ತಾರಸಿ, ಸಂಪ್, ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಎಲ್ಲರಿಗೂ ಸೇರಿದ್ದು. ಅಲ್ಲಿನ ದೋಷಕ್ಕೆ ಫ್ಲ್ಯಾಟ್ ಮಾಲೀಕರ ಅಸೋಸಿಯೇಷನ್ ಪತ್ರ ಬರೆಯಬೇಕು, ದೂರು ಕೊಡುವ ಅವಕಾಶ ಅದಕ್ಕೂ ಇದೆ.

30 ದಿನ ಕಳೆದರೂ ಕೆಲಸ ಆಗದಿದ್ದರೆ

ಕರ್ನಾಟಕ ರೇರಾಗೆ ಆನ್‌ಲೈನ್‌ನಲ್ಲಿ ದೂರು ಕೊಡಿ. ರಿಪೇರಿ ಮಾಡಿಸಿಕೊಡಿ ಎಂದು ಕೇಳುವುದು ಪ್ರಾಧಿಕಾರದ ಮುಂದೆ. ದುಡ್ಡಿನ ಪರಿಹಾರ ಎಷ್ಟು ಎಂದು ತೀರ್ಮಾನಿಸುವವರು ರೇರಾದಲ್ಲೇ ಇರುವ ಅಡ್ಜುಡಿಕೇಟಿಂಗ್ ಆಫೀಸರ್ ಎಂಬ ಅಧಿಕಾರಿ. ಎರಡೂ ಬೇರೆ ಬೇರೆ ಅರ್ಜಿ. ಆದೇಶ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಮೇಲ್ಮನವಿ ಹಾಕಬಹುದು. ರೇರಾ ಬದಲು ಗ್ರಾಹಕ ಆಯೋಗಕ್ಕೆ ಹೋಗುವ ದಾರಿಯೂ ಇದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅಲ್ಲಿಗೆ ಹೋಗುವವರು 2 ವರ್ಷದ ಗಡುವು ಮರೆಯಬಾರದು.

ನಾಲ್ಕೂವರೆ ವರ್ಷವಾದಾಗ ಮನೆಯನ್ನು ಮತ್ತೊಮ್ಮೆ ಪೂರ್ತಿ ಪರಿಶೀಲಿಸಿ. ಕಂಡದ್ದನ್ನೆಲ್ಲ ಒಂದೇ ಪತ್ರದಲ್ಲಿ ಬರೆದು, 5 ವರ್ಷ ತುಂಬುವ ಮೊದಲೇ ಕಳಿಸಿ. ನೀವು ರೀಸೇಲ್‌ನಲ್ಲಿ ಕೊಂಡವರಾದರೆ, ಉಳಿದ ಅವಧಿಯ ಹಕ್ಕು ನಿಮಗೂ ಇದೆ. ಮಾರಿದವರಿಂದ ಮೂಲ ಸ್ವಾಧೀನ ಪತ್ರ, ಹಳೆಯ ಇಮೇಲ್‌ಗಳನ್ನು ಕೇಳಿ ಪಡೆಯಿರಿ.

500 ಚದರ ಮೀಟರ್ ಮೀರದ ಜಾಗದ ಅಥವಾ 8 ಫ್ಲ್ಯಾಟ್ ಮೀರದ ಪ್ರಾಜೆಕ್ಟ್‌ಗೆ ರೇರಾ ನೋಂದಣಿ ಕಡ್ಡಾಯವಲ್ಲ. ಅಂಥ ಚಿಕ್ಕ ಕಟ್ಟಡದಲ್ಲಿ ಕೊಳ್ಳುವವರು 5 ವರ್ಷದ ಷರತ್ತನ್ನು ಅಗ್ರಿಮೆಂಟ್‌ನಲ್ಲೇ ಬರೆಸಿಕೊಳ್ಳಲೇಬೇಕು. ಸ್ವಂತ ಸೈಟ್‌ನಲ್ಲಿ ಕಂಟ್ರಾಕ್ಟರ್‌ನಿಂದ ಮನೆ ಕಟ್ಟಿಸುವವರಿಗೂ ಇದೇ ಮಾತು. ಜೊತೆಗೆ ಕೊನೆಯ ಕಂತಿನ ಒಂದು ಭಾಗವನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದಾಗಿ ಮೊದಲೇ ಬರೆದುಕೊಳ್ಳಿ.